ಒಲೆಯ ಮೇಲಿನದು, ಮಳೆ ಕಡೆಯದು

ದೊಡ್ಡಪ್ಪ 1979ರಲ್ಲಿ ಇಂಗ್ಲೆಂಡಿನ ಕೆಲಸ ಬಿಟ್ಟು ಊರಿಗೆ ಬಂದಾಗ ಒಂದು ಜೊತೆ ಸ್ಪೀಕರ್ ತಂದಿದ್ದರು. ಹೋದ ವರ್ಷ ಅವು ನನ್ನ ಕೈಗೆ ಬಂದವು. ಅಕ್ಕಿ ಮೂಟೆಯಷ್ಟು ಭಾರದ ಎರಡು ಪೆಟ್ಟಿಗೆ. ಒಂದೊಂದರಲ್ಲೂ ಕೆಳಗಿನ ಸ್ವರಗಳಿಗೆ 8 ಇಂಚಿನ ಒಂದು ವೂಫರ್, ಮೇಲಿನ ಸ್ವರಗಳಿಗೆ ಮುಕ್ಕಾಲು ಇಂಚಿನ ಒಂದು ಟ್ವೀಟರ್. ನಾನು ಚಿಕ್ಕವನಿದ್ದಾಗ ತೀರ್ಥಹಳ್ಳಿ ಹತ್ತಿರದ ಆ ಮನೆಯ ಜಗಲಿಯಲ್ಲಿ ಕೂತು ಇವುಗಳಲ್ಲೇ ಮೊದಲ ಸಲ ತಂಬೂರಿ ಕೇಳಿದ್ದು. ತಂಬೂರಿ ಇಲ್ಲೇ ಎಲ್ಲೋ ಇದೆ ಅಂತ ಪೆಟ್ಟಿಗೆಯ ಹಿಂದೆ ಹೋಗಿ ನೋಡಿದ ನೆನಪಿದೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಆ ಜೋಡಿ ಬೇರೆಯಾಯಿತು. ಮಾಡಿನ ಹೆಂಚು ಬದಲಿಸುವ ಕೆಲಸ ನಡೆದಿತ್ತು. ಜಗಲಿ ಖಾಲಿ ಮಾಡಬೇಕಿತ್ತು. ಒಂದನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿದರು. ಕೆಳಗೆ ಒಲೆ ಉರಿಯುತ್ತದೆ. ಅಲ್ಲಿ ಇಟ್ಟದ್ದು ಮಳೆಗಾಲದಲ್ಲೂ ಬೂಷ್ಟು ಹಿಡಿಯುವುದಿಲ್ಲ ಅಂತ ಮಲೆನಾಡಿನ ಎಲ್ಲರಿಗೂ ಗೊತ್ತು. ಇನ್ನೊಂದಕ್ಕೆ ಅಲ್ಲಿ ಜಾಗ ಇರಲಿಲ್ಲ. ಅದನ್ನು ಮಹಡಿಯ ಪಡುವಣ ಕೋಣೆಯಲ್ಲಿ ಇಟ್ಟರು. ಆ ಗೋಡೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೇರವಾಗಿ ಬಡಿಯುತ್ತದೆ. ಹನ್ನೆರಡು ವರ್ಷಕ್ಕೂ ಜಾಸ್ತಿ ಎರಡೂ ಹಾಗೇ ಇದ್ದವು.

"ಒಲೆ ಮೇಲಿಂದು ಚೆನ್ನಾಗಿರ್ತದೆ ನೋಡು. ಮಳೆ ಕಡೇದು ಹೋಗಿರ್ತದೆ ಮಾರಾಯ, ಅದನ್ನ ಹೊರೋ ಕಷ್ಟ ಯಾಕೆ?" ಅಂದರು ದೊಡ್ಡಮ್ಮ. ನನಗೂ ಹಾಗೇ ಅನಿಸಿತ್ತು. ಆದರೂ ಎರಡನ್ನೂ ಬೆಂಗಳೂರಿಗೆ ತಂದೆ.

ಮೊದಲ ದಿನ ಏನನ್ನೂ ಬಿಚ್ಚಲಿಲ್ಲ. ಆಂಪ್ಲಿಫೈಯರ್‌ನ ವಾಲ್ಯೂಮ್ ತೀರ ಕಡಿಮೆ ಇಟ್ಟು ಒಂದು ಹಳೆಯ ಮೋನೋ ಧ್ವನಿಮುದ್ರಣ ಹಾಕಿದೆ. ಹಳೆಯ ಸ್ಪೀಕರ್ ಪರೀಕ್ಷೆಗೆ ಮೋನೋ ತುಂಬ ಒಳ್ಳೆಯದು. ಎರಡೂ ಪೆಟ್ಟಿಗೆಗೆ ಹೋಗುವುದು ಒಂದೇ ಸಂಕೇತ. ಎರಡೂ ಸರಿ ಇದ್ದರೆ ಹಾಡುವವರು ನಟ್ಟನಡುವೆ ಕೂತಿರಬೇಕು. ನನ್ನ ಮುಂದೆ ಕಂಠ ಹೆಚ್ಚುಕಡಿಮೆ ನಡುವೆಯೇ ಇತ್ತು. ಆದರೆ ತಂಬೂರಿಯ ಝೇಂಕಾರ ಪೂರ್ತಿ ಒಂದು ಕಡೆಗೆ ವಾಲಿತ್ತು. ಅದು ಬರುತ್ತಿದ್ದದ್ದು ಮಳೆ ಕಡೆಯ ಪೆಟ್ಟಿಗೆಯಿಂದ! ಒಲೆಯ ಮೇಲಿನದು ಕಂಬಳಿ ಹೊದ್ದ ಹಾಗೆ ಮಬ್ಬಾಗಿತ್ತು.

ತಂಬೂರಿಗಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ತಂಬೂರಿಯ ತಂತಿ ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ದಾರ ಇಡುತ್ತಾರಲ್ಲ, ಆ ಜೀವಾಳಿಯಿಂದಲೇ ಒಂದು ತಂತಿಯೊಳಗೆ ಹತ್ತಾರು ಮೇಲಿನ ಸ್ವರಗಳು ಎದ್ದು ಬರುವುದು. ಟ್ವೀಟರ್ ಕಡೆ ಏನಾದರೂ ಸೊರಗಿದ್ದರೆ ಮೊದಲು ಸಾಯುವುದು ಅದೇ. ಕೆಳಗಿನ ಸ್ವರಗಳಿಗೆ ಮೃದಂಗದ ಎಡಬದಿ ಸಾಕು.

ಸರಿ, ಟ್ವೀಟರ್ ಹೋಗಿದೆ ಅಂದುಕೊಂಡೆ. ನನಗೆ ಸಲಹೆ ಕೊಟ್ಟವರೂ ಅದನ್ನೇ ಹೇಳಿದರು. ಹೊಸ ಟ್ವೀಟರ್ ಜೊತೆ, ಸ್ವರಗಳನ್ನು ಎರಡಕ್ಕೂ ಹಂಚುವ ಹೊಸ ಕ್ರಾಸ್‌ಓವರ್, ಪೆಟ್ಟಿಗೆ ಮಾತ್ರ ಹಳೆಯದು. ಅಂತರ್ಜಾಲದಲ್ಲಿ ಒಂದು ಜೊತೆ ಟ್ವೀಟರ್ ಆರಿಸಿಯೂ ಇಟ್ಟಿದ್ದೆ. ತರಿಸದೆ ಉಳಿದದ್ದು ಒಂದೇ ಕಾರಣಕ್ಕೆ. ರಾತ್ರಿ ಸುಮ್ನೆ ಕೂತಿದ್ದಾಗ, ಎರಡರ ಟ್ವೀಟರ್ ಅದಲು ಬದಲು ಮಾಡಿ ನೋಡೋಣ ಅನಿಸಿತು.

ನಾಲ್ಕು ಸ್ಕ್ರೂ, ಎರಡು ವೈರ್. ಅರ್ಧ ಗಂಟೆಯ ಕೆಲಸ. ಒಂದು ಎಚ್ಚರಿಕೆ ಹೇಳಲೇಬೇಕು. ಮ್ಯಾಗ್ನೆಟ್ ಕಬ್ಬಿಣದ ಸ್ಕ್ರೂಡ್ರೈವರನ್ನು ಕೈಯಿಂದ ಕಿತ್ತು ಎಳೆದುಕೊಳ್ಳುತ್ತದೆ. ಟ್ವೀಟರಿನ ನಡುವಿನ ತೆಳು ಗುಮ್ಮಟಕ್ಕೆ ಒಮ್ಮೆ ಮೊನೆ ತಾಗಿದರೆ ಮುಗಿಯಿತು. ಗುಮ್ಮಟದ ಮೇಲೆ ರಟ್ಟಿನ ತುಂಡು ಹಿಡಿದುಕೊಂಡೇ ಸ್ಕ್ರೂ ಬಿಚ್ಚಬೇಕು.

ಟ್ವೀಟರ್ ಬದಲಾಯಿತು. ಮಬ್ಬು ಬದಲಾಗಲಿಲ್ಲ. ಮಳೆ ಕಡೆಯ ಟ್ವೀಟರನ್ನು ಒಲೆಯ ಪೆಟ್ಟಿಗೆಗೆ ಹಾಕಿದರೂ ಅದು ಮಬ್ಬೇ. ಒಲೆಯ ಟ್ವೀಟರ್ ಮಳೆಯ ಪೆಟ್ಟಿಗೆಯಲ್ಲಿ ಹೊಳೆಯಿತು. ಅಂದರೆ ರೋಗ ಇರುವುದು ಟ್ವೀಟರಿನಲ್ಲಲ್ಲ, ಅದಕ್ಕೆ ಮುಂಚಿನ ಕ್ರಾಸ್‌ಓವರಿನಲ್ಲಿ. ಮೀಟರ್ ಇಲ್ಲದೆ, ಒಂದು ಪೈಸೆ ಖರ್ಚಿಲ್ಲದೆ ಗೊತ್ತಾಯಿತು. ಈ ಸ್ಪೀಕರಿನ ಬಗ್ಗೆ ನನ್ನ ಹತ್ತಿರ ಒಂದು ಹಾಳೆ ಮಾಹಿತಿಯೂ ಇರಲಿಲ್ಲ. ಹೊಸದಿದ್ದಾಗ ಹೇಗಿತ್ತು ಅಂತ ಹೇಳುವವರಿಲ್ಲ. ಆದರೆ ಒಂದೇ ದಿನ ಹುಟ್ಟಿದ ಅವಳಿ ಪಕ್ಕದಲ್ಲೇ ಇದೆ. ಒಂದು ಎಲ್ಲಿ ಕೆಟ್ಟಿದೆ ಅಂತ ಇನ್ನೊಂದು ಹೇಳುತ್ತದೆ. ಮುಂದಿನ ಮೂರು ತಿಂಗಳು ನಾನು ಮಾಡಿದ್ದೆಲ್ಲ ಇಷ್ಟೇ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ಅಳೆದದ್ದು.

ಕ್ರಾಸ್‌ಓವರ್ ಅಂದರೆ ಕಷ್ಟದ್ದೇನೂ ಅಲ್ಲ. ಕೆಳಗಿನ ಸ್ವರಗಳನ್ನು ವೂಫರಿಗೆ, ಮೇಲಿನವನ್ನು ಟ್ವೀಟರಿಗೆ ಹಂಚುವ ಸಣ್ಣ ಸರ್ಕ್ಯೂಟ್. ಕಾಯಿಲ್, ಅಂದರೆ ತಂತಿಯ ಸುರುಳಿ, ಕೆಳಗಿನವನ್ನು ಸುಲಭವಾಗಿ ಬಿಡುತ್ತದೆ. ಕೆಪಾಸಿಟರ್ ಮೇಲಿನವನ್ನು ಬಿಡುತ್ತದೆ. ಇದರಲ್ಲಿ ಟ್ವೀಟರಿಗೆ ಹೋಗುವ ದಾರಿಯಲ್ಲಿ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದಿತ್ತು, ಅದರಾಚೆ ನೆಲಕ್ಕೆ 0.6 ಮಿಲಿಹೆನ್ರಿಯ ಕಾಯಿಲ್. 8 ಓಮಿನ ಟ್ವೀಟರಿಗೆ ಲೆಕ್ಕ ಹಾಕಿದರೆ ಹಂಚಿಕೆ ಆಗುವುದು ಸುಮಾರು 3,000 ಹರ್ಟ್ಸ್ ಹತ್ತಿರ.

ಕಾಯಿಲ್ ಎರಡೂ ಕಡೆ ಒಂದೇ ಅಳತೆ ತೋರಿಸಿದವು. ಸುತ್ತಿದ ತಾಮ್ರಕ್ಕೆ ವಯಸ್ಸಾಗುವುದಿಲ್ಲ. ಕೆಪಾಸಿಟರುಗಳನ್ನು ಒಂದೊಂದು ಕಾಲು ಬಿಡಿಸಿ, ಇಂಥ ಬಿಡಿಭಾಗ ಅಳೆಯುವ ಎಲ್‌ಸಿಆರ್ ಮೀಟರಿಗೆ ಹಿಡಿದೆ. ಮಳೆ ಕಡೆಯದು 5.0 ಮೈಕ್ರೋಫ್ಯಾರಡ್, ಒಳಗಿನ ರೆಸಿಸ್ಟೆನ್ಸ್ 0.6 ಓಮ್. ನಲವತ್ತು ವರ್ಷ ದಾಟಿದ ಕೆಪಾಸಿಟರಿಗೆ ಇದು ಆರೋಗ್ಯವೇ. ಒಲೆಯ ಮೇಲಿನದು 3.8, ಒಳಗಿನ ರೆಸಿಸ್ಟೆನ್ಸ್ 4.6 ಓಮ್. 8 ಓಮಿನ ಟ್ವೀಟರಿನ ಮುಂದೆ 4.6 ಓಮ್ ಕೂತರೆ ಸುಮಾರು 4 ಡೆಸಿಬೆಲ್ ನಷ್ಟ. ಕಂಬಳಿ ಸಿಕ್ಕಿತ್ತು.

ಯಾಕೆ ಹೀಗೆ? ಆ ಕಾಲದ ಕ್ರಾಸ್‌ಓವರುಗಳಲ್ಲಿ ಜಾಸ್ತಿ ಬಳಸುತ್ತಿದ್ದದ್ದು ಪ್ಲಸ್ ಮೈನಸ್ ಇಲ್ಲದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಳಗೆ ಅಲ್ಯುಮಿನಿಯಂ ಹಾಳೆ, ಹಾಳೆಗಳ ನಡುವೆ ದ್ರವದಲ್ಲಿ ನೆಂದ ಕಾಗದ. ಆ ತೇವ ಇರುವ ತನಕ ಮಾತ್ರ ಅದಕ್ಕೆ ಜೀವ. ಬಿಸಿ ಹತ್ತು ಡಿಗ್ರಿ ಏರಿದರೆ ಇವುಗಳ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ಎಲೆಕ್ಟ್ರಾನಿಕ್ಸ್ ಕೆಲಸದವರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ದಿನಕ್ಕೆ ಎರಡು ಹೊತ್ತು ಉರಿಯುವ ಒಲೆಯ ಮೇಲೆ ಹನ್ನೆರಡು ವರ್ಷ! ಅಡಿಕೆ ಒಣಗಿಸಿದ ಶಾಖವೇ ಇದನ್ನೂ ಒಣಗಿಸಿತ್ತು. ನಾವು ಜೋಪಾನ ಮಾಡಿದ್ದೇ ಒಳಗಿಂದ ಸತ್ತಿತ್ತು. ಮಳೆಗೆ ಬಿಟ್ಟದ್ದರ ಕೆಪಾಸಿಟರ್ ಆರಾಮಾಗಿ ಇತ್ತು. ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದೆ.

ವೂಫರಿನಲ್ಲಿ ಹಿಂದೆ ಮುಂದೆ ಆಡಿ ಸದ್ದು ಎಬ್ಬಿಸುವ ಕೋನ್ ಉಳಿದದ್ದಕ್ಕೂ ಒಂದು ಕಾರಣವಿದೆ. ಅದು ಕಾಗದದ್ದಲ್ಲ. 1960ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಕಾಗದದ ಕೋನಿನ ಮೇಲೆ ನಂಬಿಕೆ ಕಳೆದುಕೊಂಡಿದ್ದರು. ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ, ಗಾಳಿಯ ತೇವ ಬೇರೆ ಎಳೆದುಕೊಳ್ಳುತ್ತಿತ್ತು. ಅವರು ಬೆಕ್ಸ್‌ಟ್ರೀನ್ ಅನ್ನುವ ಪ್ಲಾಸ್ಟಿಕ್ ಹಾಳೆ ಹಿಡಿದರು. ಅದು ಬರಿಯ ಪ್ಲಾಸ್ಟಿಕ್ ಆಗಿ ಗಿಣಿಗಿಣಿ ಅನ್ನುತ್ತದೆ ಅಂತ ಮೇಲೆ ಅಂಟಿನಂಥ ಲೇಪ ಹಚ್ಚಿದರು. ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿನ ಬೇರೆ ಬೇರೆ ಕಂಪನಿಗಳು ಅದೇ ದಾರಿ ಹಿಡಿದವು. ದೊಡ್ಡಪ್ಪನ ಸ್ಪೀಕರಿನದೂ ಆ ಜಾತಿಯೇ. ಕಾಗದವಾಗಿದ್ದರೆ ಆಗುಂಬೆ ಕಡೆಯ ಹನ್ನೆರಡು ಮಳೆಗಾಲಕ್ಕೆ ಅದು ಅಣಬೆಗೆ ಆಹಾರ ಆಗಿರುತ್ತಿತ್ತು. ಕೋನಿನ ಸುತ್ತಲಿನ ಅಂಚು ಕೂಡ ರಬ್ಬರಿನದು. ಫೋಮ್ ಅಂಚಿನ ಹಳೆಯ ವೂಫರ್ ಇದ್ದವರಿಗೆ ಗೊತ್ತಿರುತ್ತದೆ, ಹದಿನೈದು ಇಪ್ಪತ್ತು ವರ್ಷಕ್ಕೆ ಆ ಫೋಮ್ ಬೆರಳಿಗೆ ಪುಡಿಯಾಗಿ ಬರುತ್ತದೆ. ತೇವ ಇದ್ದಲ್ಲಿ ಇನ್ನೂ ಬೇಗ.

ವೂಫರಿನ ಪರೀಕ್ಷೆ ಶುರುವಾಗುವುದು ಒಂದು ಪೆನ್ಸಿಲ್ ಸೆಲ್ಲಿನಿಂದ. 1.5 ವೋಲ್ಟ್ ಸೆಲ್ಲಿನ ಪ್ಲಸ್ಸನ್ನು ಕೆಂಪು ಗುರುತಿನ ಕಾಲಿಗೆ ಒಂದು ಕ್ಷಣ ತಾಗಿಸಿದರೆ ಕೋನ್ ಮುಂದಕ್ಕೆ ಬರಬೇಕು. ಟ್ವೀಟರಿಗೆ ಇದನ್ನು ಮಾಡಬಾರದು. ಆಮೇಲೆ ಮಲ್ಟಿಮೀಟರ್. 8 ಓಮ್ ಅಂತ ಬರೆದ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ, ಗಾಬರಿ ಬೇಡ. ನನ್ನವು 6.3 ಮತ್ತು 6.4. ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮವಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟರೆ ಒಳಗೆ ಕೆರೆದ ಸದ್ದು ಬರಬಾರದು. ಬರಲಿಲ್ಲ.

ಇಲ್ಲಿಂದ ಮುಂದೆ ಕಂಪ್ಯೂಟರ್ ಬೇಕು. ಆದರೆ ದೊಡ್ಡ ಉಪಕರಣ ಬೇಡ. ಒಂದು ಯುಎಸ್‌ಬಿ ಸೌಂಡ್‌ಕಾರ್ಡ್, 100 ಓಮಿನ ಒಂದು ರೆಸಿಸ್ಟರ್, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ. ಹೆಡ್‌ಫೋನಿಗೆ ಹೋಗುವ ಸಂಕೇತವನ್ನು ರೆಸಿಸ್ಟರ್ ಮೂಲಕ ಡ್ರೈವರಿಗೆ, ಅಂದರೆ ವೂಫರಿಗೋ ಟ್ವೀಟರಿಗೋ, ಕಳಿಸಬೇಕು. ರೆಸಿಸ್ಟರಿನ ಎರಡೂ ತುದಿಯ ವೋಲ್ಟೇಜನ್ನು ಸೌಂಡ್‌ಕಾರ್ಡಿನ ಎಡ ಬಲ ಚಾನೆಲ್ಲಿಗೆ ಕೊಡಬೇಕು. ಕೆಳಗಿನ ಸ್ವರದಿಂದ ಮೇಲಿನವರೆಗೆ ಒಂದು ಸಲ ಓಡಿಸಿದರೆ ಪ್ರತಿ ಸ್ವರಕ್ಕೂ ಡ್ರೈವರ್ ಎಷ್ಟು ಓಮ್ ಅಡ್ಡಿ ಒಡ್ಡುತ್ತದೆ ಅಂತ ಪರದೆಯ ಮೇಲೆ ಗೆರೆ ಏಳುತ್ತದೆ. ಒಂದು ಕಡೆ ಆ ಗೆರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಆ ಗುಡ್ಡದ ತುದಿಯೇ ಆ ಡ್ರೈವರಿನ ಸ್ವಂತ ಸ್ವರ. ಕೋನಿನ ತೂಕ ಮತ್ತು ಅಂಚಿನ ಬಿಗಿತ ಸೇರಿ ತೀರ್ಮಾನಿಸುವ ಸ್ವರ ಅದು.

ಈ ಒಂದು ಗುಡ್ಡದಿಂದ ಪೆಟ್ಟಿಗೆಯೊಳಗೆ ಸ್ಪೀಕರ್ ಹೇಗೆ ನಡೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕಬಹುದು ಎಂದು ತೋರಿಸಿದ್ದು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. ಅವರ ಲೇಖನ ಅಮೆರಿಕದ ಆಡಿಯೊ ಎಂಜಿನಿಯರುಗಳ ಪತ್ರಿಕೆಯಲ್ಲಿ ಮತ್ತೆ ಅಚ್ಚಾದದ್ದು ಹತ್ತು ವರ್ಷ ಬಿಟ್ಟು, 1971ರಲ್ಲಿ. ಆಮೇಲೆ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಸ್ಪೀಕರ್ ಅನ್ನುವ ವಸ್ತು ಮಾತ್ರ ಅದಕ್ಕೂ ಹಳೆಯದು. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ತಮ್ಮ ಮೂವಿಂಗ್ ಕಾಯಿಲ್ ಸ್ಪೀಕರನ್ನು ಜಗತ್ತಿಗೆ ತೋರಿಸಿದ್ದು 1925ರಲ್ಲಿ. ಮ್ಯಾಗ್ನೆಟ್ಟಿನ ಸಂದಿಯಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ಕೋನ್. ಇವತ್ತಿಗೂ ಅದೇ. ಅದಕ್ಕೇ ಇವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ಅರ್ಥ ಮಾಡಿಕೊಳ್ಳಬಹುದು. ನನಗೆ ಇದು ತುಂಬ ಸಂತೋಷದ ವಿಷಯ.

ಪೂರ್ತಿ ಲೆಕ್ಕಕ್ಕೆ ಕೋನಿನ ಮೇಲೆ ತೂಕ ಗೊತ್ತಿರುವ ಏನನ್ನಾದರೂ ಇಟ್ಟು ಇನ್ನೊಮ್ಮೆ ಅಳೆಯಬೇಕು. ನಾಣ್ಯ ಇಡೋಣ ಅಂತ ಹೊರಟಿದ್ದೆ. ಈಗಿನ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು, ಮ್ಯಾಗ್ನೆಟ್ ಅದನ್ನು ಎಳೆಯುತ್ತದೆ, ಅಳತೆ ತಪ್ಪುತ್ತದೆ. ಕೊನೆಗೆ ಮಗಳ ಆಟದ ಜೇಡಿಮಣ್ಣನ್ನು ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ 10 ಗ್ರಾಂ ತೂಗಿ ಕೋನಿನ ನಡುಗುಮ್ಮಟದ ಸುತ್ತ ಅಂಟಿಸಿದೆ. ಚೆನ್ನಾಗಿ ಕೂರುತ್ತದೆ, ಕಲೆ ಉಳಿಯುವುದಿಲ್ಲ.

ಮಳೆ ಕಡೆಯ ವೂಫರಿನ ಸ್ವಂತ ಸ್ವರ 27 ಹರ್ಟ್ಸ್. ಒಲೆಯ ಮೇಲಿನದು 34. ಶಾಖ ಅಂಚಿನ ರಬ್ಬರನ್ನೂ ಗಡುಸು ಮಾಡಿತ್ತು. ಗಡುಸಾದ ಅಂಚಿಗೆ ಬ್ರೇಕ್ ಆಯಿಲ್ ಸವರಿ ಮೆತ್ತಗೆ ಮಾಡುವವರಿದ್ದಾರೆ. ನಾನು ಅದಕ್ಕೆ ಕೈ ಹಾಕಲಿಲ್ಲ. ಇವತ್ತು ಮೆತ್ತಗಾದದ್ದು ನಾಳೆ ಅಂಟು ಬಿಡಬಹುದು. ಬದಲಿಗೆ 20 ಹರ್ಟ್ಸ್‌ನ ಸಂಕೇತವನ್ನು ಸಣ್ಣದಾಗಿ ಕೊಟ್ಟು ಮೂರು ರಾತ್ರಿ ಕೋನನ್ನು ಮೆಲ್ಲಗೆ ಆಡಲು ಬಿಟ್ಟೆ. ಬಹಳ ವರ್ಷ ನಡೆಯದ ಕಾಲಿಗೆ ಅಭ್ಯಾಸ ಮಾಡಿಸಿದ ಹಾಗೆ. 34 ಇದ್ದದ್ದು 31ಕ್ಕೆ ಇಳಿಯಿತು, ಅಲ್ಲೇ ನಿಂತಿತು.

31 ಮತ್ತು 27, ಇದು ದೊಡ್ಡ ವ್ಯತ್ಯಾಸ ಅಲ್ವಾ? ಪೆಟ್ಟಿಗೆಯ ಹೊರಗೆ ಹೌದು. ಆದರೆ ಇದು ಗಾಳಿ ಆಡದ ಮುಚ್ಚಿದ ಪೆಟ್ಟಿಗೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಜನಪ್ರಿಯ ಮಾಡಿದ ಉಪಾಯ ಇದು. ಕೋನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಕೆಲಸವನ್ನು ಅಂಚಿಗಿಂತ ಜಾಸ್ತಿ ಒಳಗಿನ ಗಾಳಿಯೇ ಮಾಡುತ್ತದೆ. ಗಾಳಿಗೆ ಒಲೆಯೂ ಒಂದೇ, ಮಳೆಯೂ ಒಂದೇ. ಪೆಟ್ಟಿಗೆಗೆ ಕೂರಿಸಿ ಅಳೆದರೆ ಒಂದು 52, ಇನ್ನೊಂದು 54. ನಲವತ್ತು ವರ್ಷದ ಅವಳಿಗಳಿಗೆ ಇದಕ್ಕಿಂತ ಜಾಸ್ತಿ ಹೋಲಿಕೆ ಕೇಳಬಾರದು.

ಆದರೆ ಮಳೆ ಕಡೆಯ ಪೆಟ್ಟಿಗೆ ಮೊದಲ ಸಲ ಅಳೆದಾಗ ಆ ಗುಡ್ಡವೇ ಸರಿ ಬರಲಿಲ್ಲ. ತುದಿ ತಗ್ಗಿ ಅಗಲವಾಗಿತ್ತು. ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಒಂದು ಊದುಬತ್ತಿ ಹಚ್ಚಿದೆ. 20 ಹರ್ಟ್ಸ್ ಸಂಕೇತ ಕೊಟ್ಟು ಪೆಟ್ಟಿಗೆಯ ಪ್ರತಿ ಸಂದಿಯ ಹತ್ತಿರ ಹಿಡಿಯುತ್ತ ಹೋದೆ. ಎಲ್ಲ ಕಡೆ ಹೊಗೆ ನೇರ ಏರುತ್ತಿತ್ತು. ಹಿಂದಿನ ವೈರ್ ಸಿಕ್ಕಿಸುವ ಜಾಗಕ್ಕೆ ಬಂದಾಗ ಹೊಗೆ ನಡುಗಿತು. ಅಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ಅದರ ಒಣ ಮಣ್ಣನ್ನು ಕೆರೆದಾಗ ಕೆಳಗೆ ಮರದ ಪುಡಿಯ ಹಲಗೆ ಉಬ್ಬಿ, ಸ್ಕ್ರೂ ಹಿಡಿತ ಬಿಟ್ಟು, ತಟ್ಟೆ ಎದ್ದಿತ್ತು. ಮಳೆ ತನ್ನ ಕೆಲಸವನ್ನೂ ಮಾಡಿತ್ತು. ಸಡಿಲಾದ ತೂತುಗಳಿಗೆ ಫೆವಿಕಾಲ್ ಅದ್ದಿದ ಬಿದಿರು ಕಡ್ಡಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ತೆಳು ರಬ್ಬರ್ ಹಾಳೆ ಕೊಟ್ಟು ತಟ್ಟೆ ಬಿಗಿ ಮಾಡಿದೆ. ಗುಡ್ಡ ಸರಿಯಾದ ಜಾಗಕ್ಕೆ ಬಂತು.

ಇನ್ನು ಕೆಪಾಸಿಟರ್. ವಿದೇಶದಿಂದ ತರಿಸುವ ಆಡಿಯೊ ಕೆಪಾಸಿಟರಿನ ಬೆಲೆ ನೋಡಿ ಪುಟ ಮುಚ್ಚಿದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಎಸ್‌ಪಿ ರೋಡಿಗೆ ಹೋದೆ. ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಗೊತ್ತಲ್ಲ, ಅದು ಪಾಲಿಪ್ರೊಪಿಲೀನ್ ಫಿಲಂ ಕೆಪಾಸಿಟರ್. 440 ವೋಲ್ಟ್ ಎಸಿಗೆ ಮಾಡಿದ್ದು. ಪ್ಲಸ್ ಮೈನಸ್ ಇಲ್ಲ, ಒಣಗಲು ಒಳಗೆ ದ್ರವ ಇಲ್ಲ. 2.5 ಮತ್ತು 2.25 ಮೈಕ್ರೋಫ್ಯಾರಡ್ ಪಕ್ಕಪಕ್ಕ ಸೇರಿಸಿದರೆ 4.75. "ಫ್ಯಾನ್ ಸ್ಲೋ ಆಗಿದೆಯಾ ಸಾರ್?" ಅಂತ ಕೇಳಿದರು ಅಂಗಡಿಯವರು. ಸ್ಪೀಕರಿಗೆ ಅಂದೆ. ತಕ್ಷಣ ತಮ್ಮ ಮೀಟರ್ ತೆಗೆದು, ಡಬ್ಬಿಯಿಂದ ಹತ್ತಾರು ಅಳೆದು, ಒಂದಕ್ಕೊಂದು ಹೊಂದುವ ನಾಲ್ಕನ್ನು ಆರಿಸಿ ಕೊಟ್ಟರು. ಎಲ್ಲ ಸೇರಿ ಇನ್ನೂರು ರೂಪಾಯಿ ಮುಟ್ಟಲಿಲ್ಲ. ಆಕಾರ ದೊಡ್ಡದು, ಅಷ್ಟೇ. ಪೆಟ್ಟಿಗೆಯೊಳಗೆ ಜಾಗಕ್ಕೇನು ಬರ?

ಎರಡೂ ಪೆಟ್ಟಿಗೆಗೆ ಹೊಸದನ್ನೇ ಹಾಕಿದೆ. ಹಾಕುವಾಗ ಒಂದು ತಪ್ಪು ಮಾಡಿದೆ. ಒಲೆಯ ಪೆಟ್ಟಿಗೆಯ ಟ್ವೀಟರಿಗೆ ಕೆಂಪು ವೈರ್ ಮೈನಸ್ಸಿಗೆ ಬೆಸೆದಿತ್ತು. ಹಿಂದೆ ಯಾರೋ ಉಲ್ಟಾ ಕೊಟ್ಟಿದ್ದಾರೆ ಅಂದುಕೊಂಡು ತಿರುಗಿಸಿ ಬೆಸೆದೆ. ಹಾಡು ಹಾಕಿದರೆ ಕಂಠ ಟೊಳ್ಳಾಗಿ ಎಲ್ಲೋ ಹಿಂದಕ್ಕೆ ಸರಿದಿತ್ತು. ಮೈಕಿನಲ್ಲಿ ಅಳೆದರೆ 3,000 ಹರ್ಟ್ಸ್ ಹತ್ತಿರ ಆಳವಾದ ಹಳ್ಳ. ಮಳೆ ಕಡೆಯದನ್ನು ಬಿಚ್ಚಿ ನೋಡಿದೆ, ಅಲ್ಲೂ ಕೆಂಪು ಮೈನಸ್ಸಿಗೇ ಇತ್ತು. ಅದು ತಪ್ಪಲ್ಲ, ವಿನ್ಯಾಸ. ವೂಫರ್, ಟ್ವೀಟರ್ ಎರಡರ ದಾರಿಯಲ್ಲೂ ಕಾಯಿಲ್ ಕೆಪಾಸಿಟರ್ ಜೋಡಿ ಇರುವ ಕ್ರಾಸ್‌ಓವರಿನಲ್ಲಿ, ಹಂಚಿಕೆಯ ಸ್ವರದಲ್ಲಿ ವೂಫರ್ ಮುಂದೆ ಬರುವಾಗ ಟ್ವೀಟರ್ ಹಿಂದೆ ಹೋಗುತ್ತಿರುತ್ತದೆ. ಒಂದನ್ನೊಂದು ಅಳಿಸಿಹಾಕುತ್ತವೆ. ಅದಕ್ಕೇ ಟ್ವೀಟರನ್ನು ಬೇಕೆಂದೇ ಉಲ್ಟಾ ಕೊಡುತ್ತಾರೆ. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಣ್ಣ ನೋಡಿ ಸರಿಪಡಿಸಲು ಹೋಗಬೇಡಿ.

ಹೊಸ ಕೆಪಾಸಿಟರ್ ಹಾಕಿದ ಮೊದಲ ಎರಡು ದಿನ ನನಗೆ ನೆಲವೇ ಕಾಣಲಿಲ್ಲ. ಎಷ್ಟು ಸ್ಪಷ್ಟ! ಮೂರನೆಯ ದಿನ ಹೆಣ್ಣುಮಕ್ಕಳ ಕಂಠದ ಸಕಾರ ಕಿವಿಗೆ ಚುಚ್ಚತೊಡಗಿತು. ಅರ್ಧ ಗಂಟೆಗೆ ಆಯಾಸ. ಕಾರಣ ಮೀಟರಿನ ಚೀಟಿಯಲ್ಲೇ ಇತ್ತು. ಮಳೆ ಕಡೆಯ ಆರೋಗ್ಯವಂತ ಹಳೆಯ ಕೆಪಾಸಿಟರಿನಲ್ಲೂ 0.6 ಓಮ್ ಇತ್ತು. ಫ್ಯಾನ್ ಕೆಪಾಸಿಟರಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು. ವಿನ್ಯಾಸ ಮಾಡಿದವರು ಆ ಸಣ್ಣ ಅಡ್ಡಿ ಸೇರಿಸಿಕೊಂಡೇ ಕಿವಿ ಇಟ್ಟು ಹದ ಮಾಡಿದ್ದರು. ನಾನು ಅದನ್ನು ತೆಗೆದು ಟ್ವೀಟರನ್ನು ಅರ್ಧ ಡೆಸಿಬೆಲ್ಲಿಗಿಂತ ಸ್ವಲ್ಪ ಜಾಸ್ತಿ ಏರಿಸಿದ್ದೆ. ಇಷ್ಟೇನಾ ಅನಿಸುತ್ತದೆ. ಆದರೆ ಮೇಲಿನ ಅಷ್ಟೂ ಸ್ವರ ಒಟ್ಟಿಗೆ ಏರಿದರೆ ಕಿವಿಗೆ ಗೊತ್ತಾಗುತ್ತದೆ, ಸಾರಿಗೆ ಅರ್ಧ ಚಮಚ ಹುಳಿ ಜಾಸ್ತಿ ಆದ ಹಾಗೆ.

ಅಪ್‌ಗ್ರೇಡ್ ಅಂತ ನಾವು ಕರೆಯುವ ಎಷ್ಟೋ ಕೆಲಸಗಳಲ್ಲಿ ನಡೆಯುವುದು ಇದೇ ಅಂತ ನನ್ನ ನಂಬಿಕೆ. ದುಬಾರಿ ಕೆಪಾಸಿಟರ್ ಹಾಕಿ, ಸದ್ದು ಬದಲಾದದ್ದನ್ನು ಸುಧಾರಣೆ ಅಂದುಕೊಳ್ಳುತ್ತೇವೆ. ಮತ್ತೆ ಎಸ್‌ಪಿ ರೋಡಿಗೆ ಹೋಗಿ, ಆಂಪ್ಲಿಫೈಯರಿನಲ್ಲಿ ಬಳಸುವ 0.47 ಓಮ್, 5 ವಾಟ್ ಸಿಮೆಂಟ್ ರೆಸಿಸ್ಟರ್ ಎರಡು ತಂದೆ. ಕೆಪಾಸಿಟರಿನ ಮುಂದೆ ಒಂದೊಂದು ಸೇರಿಸಿದೆ. ಚುಚ್ಚು ಹೋಯಿತು. ಸ್ಪಷ್ಟತೆ ಉಳಿಯಿತು.

ಕೊನೆಯ ಅಳತೆ ತಾರಸಿಯ ಮೇಲೆ, ರಾತ್ರಿ ಎರಡು ಗಂಟೆಗೆ. ಕೋಣೆಯೊಳಗೆ ಗೋಡೆ ಮಾಡುಗಳ ಪ್ರತಿಧ್ವನಿ ಅಳತೆ ಕೆಡಿಸುತ್ತದೆ. ಮೇಜಿನ ಮೇಲೆ ಸ್ಟೂಲು, ಅದರ ಮೇಲೆ ಸ್ಪೀಕರ್. ನೆಲದಿಂದ ಒಂದೂವರೆ ಮೀಟರ್ ಎತ್ತರ, ಮೈಕ್ ಒಂದು ಮೀಟರ್ ದೂರ. ನೆಲಕ್ಕೆ ಬಡಿದ ಸದ್ದು ಮೈಕಿಗೆ ಬರುವಷ್ಟರಲ್ಲಿ ನೇರ ಸದ್ದು ಬಂದು 6 ಮಿಲಿಸೆಕೆಂಡ್ ಆಗಿರುತ್ತದೆ. ಆ 6 ಮಿಲಿಸೆಕೆಂಡನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 160 ಹರ್ಟ್ಸ್‌ನಿಂದ ಮೇಲಿನದ್ದನ್ನು ನಂಬಬಹುದು. ಒಂದರ ಗೆರೆ ಹಸಿರು, ಇನ್ನೊಂದರದ್ದು ನೀಲಿ. ಬೀದಿನಾಯಿ ಬೊಗಳಿ ಮೂರು ಸಲ ಅಳತೆ ಕೆಟ್ಟಿತು. ನಾಲ್ಕನೆಯ ಸಲ ನೀಲಿ ಗೆರೆ ಹಸಿರಿನ ಮೇಲೆಯೇ ಓಡಿತು. ಎಲ್ಲೂ ಒಂದು ಡೆಸಿಬೆಲ್‌ಗಿಂತ ದೂರ ಹೋಗಲಿಲ್ಲ. ಅಷ್ಟು ಹೊತ್ತಿನಲ್ಲಿ ಎಬ್ಬಿಸಿ ಹೇಳಲು ಯಾರೂ ಇರಲಿಲ್ಲ.

ನವರಾತ್ರಿಗೆ ಎರಡನ್ನೂ ಊರಿಗೆ ಒಯ್ದೆ. ಅವು ಇರಬೇಕಾದದ್ದು ಅಲ್ಲಿ. ಈ ಸಲ ಅಟ್ಟವೂ ಬೇಡ, ಪಡುವಣ ಕೋಣೆಯೂ ಬೇಡ ಅಂದೆ. ನಡುಮನೆಯಲ್ಲಿ ಇಟ್ಟೆವು. ಅದೇ ಮೋನೋ ಹಾಕಿದೆ. ಹಾಡುವವರು ಎರಡು ಪೆಟ್ಟಿಗೆಯ ನಡುವೆ, ಬರೀ ಗೋಡೆ ಇದ್ದ ಕಡೆ, ಕೂತಿದ್ದರು. ತಂಬೂರಿ ಅವರ ಬೆನ್ನ ಹಿಂದೆ. ದೊಡ್ಡಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಎರಡನ್ನೂ ನೋಡಿ, "ಇದ್ರಲ್ಲಿ ಒಲೆ ಮೇಲಿಂದು ಯಾವ್ದೋ?" ಅಂದರು.

ನಾನು ಎದ್ದು ಹೋಗಿ, ಬಿದಿರು ಕಡ್ಡಿ ತುಂಬಿದ ಗುರುತಿಗಾಗಿ ಒಂದರ ಹಿಂಬದಿ ನೋಡಬೇಕಾಯಿತು.